‘ಸ್ವಇಚ್ಛೆಯಿಂದ ಟಿಸಿ ಪಡೀತಿದ್ದೀವಿ’ ಅಂತ ಬರೆದುಕೊಡಿ ಅಂತಿದ್ದಾರೆ. ಏನು ಮಾಡ್ಲಿ?

#1 ಚಿಕ್ಕು ಅಮ್ಮ (ತುಮಕೂರು), ಜೂನ್ 11, ರಾತ್ರಿ 11.20

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಓದ್ತಿದ್ದೆ ಅಷ್ಟೆ, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು, ಆಟಿಸಂ ಇದೆ. ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡ್ ಮಾಡಿಸಿದ್ದೀವಿ, ಹಳದಿಯದು, 50 ಪರ್ಸೆಂಟ್ ವೈಕಲ್ಯ ಅಂತ. ಮಾತು ಕಮ್ಮಿ. ಆದ್ರೆ ಓದೋದು ಅಂದ್ರೆ ಹುಚ್ಚು. ಬಸ್ಸಿನ ಬೋರ್ಡು, ಬಿಸ್ಕತ್ ಪ್ಯಾಕೆಟ್ಟಿನ ಹಿಂದೆ ಇರೋ ಸಣ್ಣಕ್ಷರ, ಏನೂ ಬಿಡಲ್ಲ.

ಯುಕೆಜಿಯಿಂದ ಒಂದೇ ಸ್ಕೂಲು, ಪ್ರೈವೇಟು. ಹೋದ ವರ್ಷದ ಮಿಸ್ಸು ಪುಣ್ಯಾತ್ಗಿತ್ತಿ. ಇವನಿಗೆ ಬೆಲ್ಲಿನ ಸದ್ದು ಅಂದ್ರೆ ಆಗಲ್ಲ. ಬೆಲ್ ಆಗೋಕೆ ಎರಡು ನಿಮಿಷ ಮುಂಚೆ ಅವರು ಪಕ್ಕಕ್ಕೆ ಬಂದು ‘ಈಗ ಬೆಲ್ ಆಗತ್ತೆ ಕಣೋ’ ಅಂತಿದ್ರಂತೆ, ಇವನು ಕಿವಿ ಮುಚ್ಕೋತಿದ್ದ. ಅಷ್ಟೇ, ಇಡೀ ವರ್ಷ ಒಂದು ಗಲಾಟೆ ಇಲ್ಲ. ಈ ವರ್ಷ ಅವರು ಕೆಲಸ ಬಿಟ್ಟರು. ಹೊಸ ಮಿಸ್ಸಿಗೆ ಇದನ್ನ ಯಾರೂ ಹೇಳಿಲ್ಲ, ನಾನು ಹೇಳಿದ್ದನ್ನ ಅವರು ಕಿವಿಗೆ ಹಾಕ್ಕೊಳ್ಳಲಿಲ್ಲ. ಬೆಲ್ ಆದ್ರೆ ಬೆಂಚಿನ ಕೆಳಗೆ ಹೋಗಿ ಕೂರ್ತಾನೆ. ಹೋದ ವಾರ ಎಳೆಯೋಕೆ ಹೋದ ಪಕ್ಕದ ಹುಡುಗನ್ನ ತಳ್ಳಿಬಿಟ್ಟ.

ಮೊನ್ನೆ ಕರೆಸಿ ಮೂರು ದಾರಿ ತೋರಿಸಿದ್ರು. ದಿನಾ 12 ಗಂಟೆಗೆ ಮನೆಗೆ ಕರ್ಕೊಂಡು ಹೋಗಿ. ಇಲ್ಲಾ ತಿಂಗಳಿಗೆ 12,000 ಕೊಟ್ಟು ಶ್ಯಾಡೋ ಟೀಚರ್ (ಕ್ಲಾಸಲ್ಲಿ ಇವನ ಜೊತೆಗೇ ಇರೋ ಸಹಾಯಕ ಟೀಚರ್) ಇಟ್ಕೊಳ್ಳಿ. ಇಲ್ಲಾ ಟಿಸಿ ತಗೊಳ್ಳಿ. ಟೈಪ್ ಮಾಡಿದ ಒಂದು ಹಾಳೆ ಮುಂದಿಟ್ಟರು. ಅದರಲ್ಲಿ ‘ನಮ್ಮ ಸ್ವಇಚ್ಛೆಯಿಂದ’ ಅಂತ ಎರಡು ಕಡೆ ಇತ್ತು. ನಾಳಿದ್ದು ಸಹಿ ಮಾಡಿ ತಂದುಕೊಡಿ ಅಂದಿದ್ದಾರೆ.

ನಮ್ಮನೆಯವರು ‘ಬಿಡು, ಬೇರೆ ಸ್ಕೂಲ್ ನೋಡೋಣ’ ಅಂತಾರೆ. ಬೇರೆ ಎರಡು ಕಡೆ ಕೇಳಿದೆ. ಮೊದಲು ಸೀಟಿದೆ ಅಂದವರು ಆಟಿಸಂ ಅಂದ ತಕ್ಷಣ ಇಲ್ಲ ಅಂದ್ರು. ನಾನೇನು ಮಾಡ್ಲಿ?

#2 ಕರಿಕೋಟು (ಹಾಸನ)

ಸಹಿ ಹಾಕಬೇಡಿ. ಮಿಕ್ಕಿದ್ದು ನಾಳೆ ಕೋರ್ಟಿಂದ ಬಂದು ಬರೀತೀನಿ.

#3 ಬೊಂಡ ಶರ್ಬತ್ (ಮಂಗಳೂರು)

ಆ ಕಾಗದ ನಿಮ್ಮ ಕೈಯಲ್ಲೇ ಉಂಟಲ್ಲ? ಫಸ್ಟು ಫೋಟೋ ತೆಗೆದಿಡಿ ಮಾರಾಯ್ರೆ. ಯಾವಾಗ ಯಾರು ಕೊಟ್ಟದ್ದು ಅಂತ ಹಿಂದೆ ಪೆನ್ನಲ್ಲಿ ಬರೆದಿಡಿ. ನಮಗೂ ಹೀಗೇ ಮಾಡಿದ್ದು. ನಾನು ಪೆದ್ದಿಯ ಹಾಗೆ ಸೈನ್ ಮಾಡಿ ಕೊಟ್ಟೆ. ಆಮೇಲೆ ಕೇಳಲಿಕ್ಕೆ ಹೋದಾಗ ‘ನೀವೇ ಬರೆದು ಕೊಟ್ಟದ್ದಲ್ವಾ ಮೇಡಂ’ ಅಂತ ಅದೇ ಕಾಗದ ತೋರಿಸಿದ್ರು.

#4 ನಿಂಬೆಹುಳಿ

ನನ್ನದು ಬೇರೆ ಅಭಿಪ್ರಾಯ, ಬೈಕೋಬೇಡಿ. ಜಗಳ ಆಡಿ ಉಳಿಸಿಕೊಂಡ ಸೀಟಿನಲ್ಲಿ ಆ ಮಗು ದಿನಾ ಹೋಗಿ ಕೂರಬೇಕಲ್ವಾ? ಬಾಗಿಲು ಮುಚ್ಚಿದ ಮೇಲೆ ಕ್ಲಾಸಿನೊಳಗೆ ಏನು ನಡೀತು ಅಂತ ಬಂದು ಹೇಳೋಕೆ ಅವನಿಗೆ ಮಾತಿಲ್ಲ. ನಮ್ಮಕ್ಕನ ಮಗಳ ವಿಷಯದಲ್ಲಿ ಹೋರಾಡಿ ಗೆದ್ದೆವು. ಆಮೇಲೆ ವರ್ಷಪೂರ್ತಿ ಅವಳನ್ನ ಕೊನೇ ಬೆಂಚಲ್ಲಿ ಕ್ರೇಯಾನ್ ಕೊಟ್ಟು ಕೂರಿಸಿದ್ರು. ಆ ವರ್ಷ ಹಾಳಾಯ್ತು.

#5 ಬೊಂಡ ಶರ್ಬತ್

@ನಿಂಬೆಹುಳಿ ನೀವು ಹೇಳುವುದು ಸುಳ್ಳಲ್ಲ. ಆದ್ರೆ ಬಿಟ್ಟು ಹೋಗುವುದು ಎಲ್ಲಿಗೆ? ಅವರು ಕೇಳಿದ ಎರಡು ಕಡೆಯೂ ಆಗ್ಲಿಲ್ಲ ಅಂತ ಬರೆದಿದ್ದಾರಲ್ಲ.

#6 ಕರಿಕೋಟು

ಹೇಳಿದ ಹಾಗೆ ಬಂದೆ.

ಟಿಸಿಗೆ ‘ಸ್ವಇಚ್ಛೆ’ ಯಾಕೆ ಬೇಕು ಅವರಿಗೆ, ಯೋಚನೆ ಮಾಡಿದ್ದೀರಾ? ಮಗುವನ್ನ ತೆಗೆದುಹಾಕೋ ಅಧಿಕಾರ ಅವರಿಗಿಲ್ಲ, ಅದಕ್ಕೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ನೋಡಿ. ಪ್ರಾಥಮಿಕ ಶಿಕ್ಷಣ, ಅಂದ್ರೆ ಎಂಟನೇ ಕ್ಲಾಸು ಮುಗಿಯೋ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕೋ ಹಾಗಿಲ್ಲ. 2019ರಲ್ಲಿ ಫೇಲ್ ಮಾಡಬಾರದು ಅನ್ನೋ ನಿಯಮ ಸಡಿಲ ಆಯ್ತು, ಹೊರಹಾಕಬಾರದು ಅನ್ನೋದು ಹಾಗೇ ಉಳೀತು. ಅವರು ಹೊರಹಾಕೋ ಹಾಗಿಲ್ಲ, ನೀವು ಹೊರಟು ಹೋಗಬಹುದು. ಆ ಹಾಳೆ ಇರೋದು ಅದಕ್ಕೆ. ನಿಮ್ಮ ಸಹಿ ಬೀಳೋವರೆಗೆ ಅದು ಬರೀ ಕಾಗದ.

ಎರಡನೇದು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಜಾರಿಗೆ ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಹಳೇ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಇತ್ತು, ಆಟಿಸಂ ಇರಲಿಲ್ಲ. ಈಗ 21 ಇವೆ, ಆಟಿಸಂ ಇದೆ, ಕಲಿಕಾ ನ್ಯೂನತೆಯೂ ಇದೆ. ಇದರ 16ನೇ ಸೆಕ್ಷನ್ (ಅಲ್ಲೂ 16, ಇಲ್ಲೂ 16, ಗೊಂದಲ ಮಾಡ್ಕೋಬೇಡಿ) ಸರ್ಕಾರದ ಮಾನ್ಯತೆ ಪಡೆದ ಶಾಲೆಗಳಿಗೂ ಅನ್ವಯ. ತಾರತಮ್ಯ ಮಾಡದೆ ಸೇರಿಸ್ಕೋಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು. ಬೆಲ್ ಆಗೋ ಮುಂಚೆ ಎರಡು ನಿಮಿಷ ಎಚ್ಚರಿಸೋದು ಆ ‘ಹೊಂದಾಣಿಕೆ’ಗೆ ಪಾಠಪುಸ್ತಕದಂಥ ಉದಾಹರಣೆ. ಖರ್ಚು ಸೊನ್ನೆ.

ಈಗ ಕಹಿ ಮಾತು. ಆ ಸೆಕ್ಷನ್ನಿನ ಭಾಷೆಯಲ್ಲಿ ಸರ್ಕಾರ ‘ಪ್ರಯತ್ನಿಸತಕ್ಕದ್ದು’ ಅಂತಿದೆ. ಆ ಒಂದು ಪದ ಹಿಡ್ಕೊಂಡು ಶಾಲೆ ಕಡೆ ವಕೀಲರು ನೇತಾಡ್ತಾರೆ. ಶ್ಯಾಡೋ ಟೀಚರ್ ಖರ್ಚು ಯಾರದು ಅಂತ ಕಾಯ್ದೆಯಲ್ಲಿ ಹೆಸರಿಟ್ಟು ಬರೆದಿಲ್ಲ. ಹಾಗಾಗಿ ಆ ಜಗಳ ಕಷ್ಟದ್ದು. ಟಿಸಿ ಜಗಳ ಸುಲಭದ್ದು. ಸುಲಭದ್ದನ್ನ ಮೊದಲು ಗೆಲ್ಲಿ.

#7 ರಾಗಿಮುದ್ದೆ ಆರ್‌ಟಿಐ

6-18 ವರ್ಷದ ವಿಕಲಚೇತನ ಮಕ್ಕಳಿಗೆ ಉಚಿತ ಶಿಕ್ಷಣ ಅಂತ ಕಾನೂನೇ ಇದೆ. ಫೀಸೇ ಕಟ್ಟಬೇಡಿ! ವಾಪಸ್ ಕೇಳಿ!

#8 ಕರಿಕೋಟು

ಅಣ್ಣಾ, ಅರ್ಧ ಸರಿ. ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ನು. 40 ಪರ್ಸೆಂಟ್ ಮತ್ತು ಮೇಲ್ಪಟ್ಟ ವೈಕಲ್ಯ ಇರೋ ಮಗುವಿಗೆ ನೆರೆಹೊರೆ ಶಾಲೆಯಲ್ಲೋ ಇಷ್ಟಪಟ್ಟ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಕೊಡಬೇಕಾದ್ದು ಸರ್ಕಾರ. ಪ್ರೈವೇಟ್ ಸ್ಕೂಲಿಗೆ ಹೋಗಿ ಫೀಸು ಕಟ್ಟಲ್ಲ ಅಂದ್ರೆ ‘ಬಾಕಿ’ ಅನ್ನೋ ಬೇರೆ ನೆಪ ನಾವೇ ಎತ್ತಿಕೊಟ್ಟ ಹಾಗೆ.

#9 ರಾಗಿಮುದ್ದೆ ಆರ್‌ಟಿಐ

ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 25 ಪರ್ಸೆಂಟ್ ಉಚಿತ ಸೀಟು? 2012ರ ತಿದ್ದುಪಡಿಯಲ್ಲಿ ವಿಕಲಚೇತನ ಮಕ್ಕಳನ್ನ ಅವಕಾಶವಂಚಿತ ಗುಂಪಿಗೆ ಸೇರಿಸಿದ್ರಲ್ಲ.

#10 ಕರಿಕೋಟು

ಅದು ಸರಿ. ಆದ್ರೆ ನಮ್ಮ ರಾಜ್ಯದಲ್ಲಿ 2019ರಿಂದ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ. ತುಮಕೂರು ಪಟ್ಟಣದಲ್ಲಿ ಸರ್ಕಾರಿ ಶಾಲೆ ಇಲ್ಲದ ಬೀದಿ ಹುಡುಕ್ತೀರಾ?

#11 ಮೂವತ್ತೊಂದು ಮಕ್ಕಳ ಟೀಚರ್ (ಚಿತ್ರದುರ್ಗ ಜಿಲ್ಲೆ)

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಟೀಚರು. ಇಲ್ಲಿ ಎಲ್ರೂ ಟೀಚರ್‌ಗಳನ್ನ ಖಳನಾಯಕರ ಥರ ನೋಡ್ತಿದ್ದೀರಿ, ಅದಕ್ಕೆ ಬರೀತಿದ್ದೀನಿ.

ನನ್ನ ನಲಿಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ ಒಟ್ಟಿಗೇ ಕೂರ್ತಾರೆ, 31 ಮಕ್ಕಳು. ಅದರಲ್ಲಿ ಸೆರೆಬ್ರಲ್ ಪಾಲ್ಸಿ ಇರೋ ಒಬ್ಬಳಿದ್ದಾಳೆ. ಜಾಣೆ, ಲೆಕ್ಕ ಬಾಯಲ್ಲೇ ಹೇಳ್ತಾಳೆ, ಬರೆಯೋಕೆ ಕೈ ಬಗ್ಗಲ್ಲ. ಇಂಥ ಮಕ್ಕಳಿಗಾಗಿ ಬ್ಲಾಕಿನಿಂದ ಬರಬೇಕಾದ ಸಂಪನ್ಮೂಲ ಶಿಕ್ಷಕರು, ಅಂದ್ರೆ ಬಿಐಇಆರ್‌ಟಿ ಇಡೀ ತಾಲ್ಲೂಕು ಸುತ್ತಬೇಕು. ನಮ್ಮ ಶಾಲೆಗೆ ತಿಂಗಳಿಗೊಮ್ಮೆ ಬಂದ್ರೆ ಹಬ್ಬ. ಅವರ ತಪ್ಪೂ ಅಲ್ಲ. ಸುಪ್ರೀಂ ಕೋರ್ಟು 2021ರಲ್ಲೇ ಹೇಳಿದೆ, ಪ್ರಾಥಮಿಕದಲ್ಲಿ ಹತ್ತು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ, ಮುಂದಿನ ತರಗತಿಗಳಲ್ಲಿ 15ಕ್ಕೊಬ್ಬ ಇರಬೇಕು ಅಂತ. 2025ರ ಮಾರ್ಚ್‌ನಲ್ಲಿ ಮತ್ತೆ ಎಲ್ಲಾ ರಾಜ್ಯಗಳಿಗೆ ಹುದ್ದೆ ಘೋಷಣೆ ಮಾಡಿ ಅಂತ ಹೇಳಿತು. ನಮ್ಮೂರಿಗೆ ಇನ್ನೂ ಯಾರೂ ಬಂದಿಲ್ಲ.

ರ್‍ಯಾಂಪಿನ ಕಥೆ ಕೇಳಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಇರಬೇಕು ಅನ್ನೋದು ನಿಯಮ. ನಮ್ಮಲ್ಲಿ ಎರಡಡಿ ಜಗಲಿಗೆ ಏಳಡಿ ರ್‍ಯಾಂಪು ಹಾಕಿ, ಬಿಲ್ಲಿಗೆ ಫೋಟೋ ತೆಗೆದುಕೊಂಡು ಹೋದ್ರು. ಮಳೆಗಾಲದಲ್ಲಿ ನಮ್ಮ ಹುಡುಗ್ರು ಅದರ ಮೇಲೆ ಜಾರುಬಂಡೆ ಆಡ್ತಾರೆ. ವೀಲ್‌ಚೇರನ್ನ ನಾನೂ ಬಿಸಿಯೂಟದ ಅಕ್ಕನೂ ಹಿಂದಿನಿಂದ ನೂಕಿ ಹತ್ತಿಸ್ತೀವಿ. ಆ ಅಕ್ಕ ಇಲ್ಲದ ದಿನ ಆ ಮಗು ಜಗಲಿ ಕೆಳಗೆ ಬೇವಿನ ಮರದ ಹತ್ರಾನೇ ಪಾಠ ಕೇಳತ್ತೆ, ನಾನು ಬಾಗಿಲಲ್ಲಿ ನಿಂತು ಎರಡೂ ಕಡೆ ನೋಡ್ತಾ ಪಾಠ ಮಾಡ್ತೀನಿ.

ಚಿಕ್ಕು ಅಮ್ಮ, ನಿಮ್ಮ ಶಾಲೆಯವರು ಮಾಡ್ತಿರೋದು ತಪ್ಪು. ಆದ್ರೆ ಆ ಹೊಸ ಮಿಸ್ಸಿಗೆ ಈ ಬಗ್ಗೆ ಒಂದು ಗಂಟೆ ತರಬೇತೀನೂ ಯಾರೂ ಕೊಟ್ಟಿರಲ್ಲ, ಅದೂ ನಿಮ್ಮ ತಲೇಲಿರಲಿ. ಹಳೇ ಮಿಸ್ಸಿನ ನಂಬರ್ ಇದ್ರೆ ಇವರಿಬ್ಬರನ್ನ ಫೋನಲ್ಲಿ ಮಾತಾಡಿಸಿ. ನಮ್ಮವರಿಗೆ ಡಾಕ್ಟ್ರು ಹೇಳಿದ್ದಕ್ಕಿಂತ ಇನ್ನೊಬ್ಬ ಟೀಚರ್ ಹೇಳಿದ್ದು ಬೇಗ ನಾಟತ್ತೆ.

#12 ನೇರನುಡಿ 2.0

ಎಲ್ಲಾ ಸರಿ, ಮಿಕ್ಕ ನಲವತ್ತು ಮಕ್ಕಳ ಗತಿ? ನಾವೂ ಫೀಸು ಕಟ್ತೀವಿ. ತಳ್ಳಿಸಿಕೊಂಡ ಹುಡುಗನ ತಾಯಿ ಕೇಳಬಾರದಾ?

#13 ಬೊಂಡ ಶರ್ಬತ್

ಕೇಳ್ಬಹುದು. ‘ಬೆಲ್ಲಿಗೆ ಮುಂಚೆ ಆ ಮಗುವಿಗೆ ಯಾಕೆ ಹೇಳ್ಲಿಲ್ಲ’ ಅಂತ ಶಾಲೆಯನ್ನು ಕೇಳ್ಬೇಕು.

#14 ನೇರನುಡಿ 2.0

ಭಾವನಾತ್ಮಕ ಉತ್ತರ. ವಿಶೇಷ ಶಾಲೆ ಅಂತ ಇರೋದು ಯಾಕೆ ಹಾಗಾದ್ರೆ?

#15 ನಿರ್ವಾಹಕ

ಬೈಗುಳ ಇದ್ದ ಎರಡು ಉತ್ತರ ತೆಗೆದಿದ್ದೇನೆ. ಪ್ರಶ್ನೆ ಒರಟಾಗಿದ್ದರೂ ಪ್ರಶ್ನೆಯೇ. ಉತ್ತರ ಕೊಡಿ ಅಥವಾ ಬಿಡಿ.

#16 ಉಣಕಲ್ಲ ದಂಡಿ (ಹುಬ್ಬಳ್ಳಿ)

ವಿಶೇಷ ಶಾಲಿ ಅಂದಕೂಡ್ಲೇ ಎಲ್ಲಾರೂ ಮೈಮ್ಯಾಲೆ ಬೀಳಬ್ಯಾಡ್ರೀಪಾ. ನಮ್ಮ ಕಥಿ ಒಂದ್ ಕೇಳ್ರಿ.

ನನ್ನ ಮಗಳಿಗೆ ಹುಟ್ಟಾ ಕಿವಿ ಕೇಳಂಗಿಲ್ಲ. ಎಲ್ಲಾರ ಕೂಡ ಕಲೀಲಿ ಅಂತ ನಮ್ಮ ಓಣಿ ಸಾಲಿಗೇ ಹಾಕಿದ್ವಿ. ನಾಕು ವರ್ಷ. ಬಾಜೂ ಹುಡುಗಿ ನೋಟಬುಕ್ ನೋಡಿ ನೋಡಿ ಬರೀತಿದ್ಲು. ಅಕ್ಷರ ಅಂದ್ರ ಮುತ್ತ್ ಪೋಣಿಸಿದಂಗ. ಟೀಚರೂ ಖುಷ್, ನಾವೂ ಖುಷ್. ಒಂದಿನ ನಾ ‘ನೀರು’ ಅಂತ ಬರದ್ ತೋರ್ಸಿದೆ. ಹಂಗೇ ಚಂದಾಗಿ ಕೆಳಗ ‘ನೀರು’ ಅಂತ ಬರದ್ಲು. ನೀರಿನ ತಂಬಿಗಿ ತೋರ್ಸು ಅಂದ್ರ ನನ್ನ ಮಾರಿ ನೋಡ್ಕೋತ ಕುಂತ್ಲು. ನಾಕು ವರ್ಷ ಆಕಿ ಕಲ್ತಿದ್ದು ಚಿತ್ರಾ ತಗಿಯೂದು ಅಷ್ಟ.

ಆಮ್ಯಾಲೆ ಸರ್ಕಾರಿ ಕಿವುಡ ಮಕ್ಕಳ ಸಾಲಿಗೆ ಹಾಕಿದ್ವಿ, ಹಾಸ್ಟೆಲ್ ಐತಿ. ಆಕೀ ತಾಯಿ ಒಂದ್ ತಿಂಗಳಾ ಅತ್ಲು. ದೀಪಾವಳಿಗೆ ಮನಿಗೆ ಬಂದಾಕಿ ಕೈಯಾಗ ಮಾತಾಡಾಕ ಶುರು ಮಾಡಿದ್ಲು, ನಿಲ್ಲಸವಲ್ಲು. ನಮಗ ಒಂದೂ ತಿಳೀವಲ್ದು. ಈಗ ನಾವ್ ಗಂಡಾ ಹೆಂಡ್ತಿ ಆಕೀ ಕಡೆ ಸನ್ನೀ ಭಾಷಾ ಕಲಿಯಾಕತ್ತೀವಿ, ತಪ್ಪ್ ಮಾಡಿದ್ರ ಬೈತಾಳ ನೋಡ್ರಿ.

ಹಕ್ಕು ಅಂದ್ರ ‘ಎಲ್ಲಾರ ಕೂಡ ಒಂದೇ ಕೋಣ್ಯಾಗ’ ಅಂತ ಅಲ್ರೀ. ಕೂಸಿಗೆ ತಿಳಿಯು ಭಾಷಾದಾಗ ಕಲಸೂದು. ಆದ್ರ ಆ ಸಾಲಿ ಬೇಕೋ ಈ ಸಾಲಿ ಬೇಕೋ ಅಂತ ಆರಿಸೂದು ನಮ್ಮ ಕೆಲ್ಸ. ಹೆಡ್ ಮಾಸ್ತರ್ ಕಾಗದಾ ಮುಂದ್ ಮಾಡಿ ಸಹಿ ಹಾಕ್ ಅಂದ್ರ ಅದು ಆರಿಸಿದಂಗ ಹೆಂಗಾತು?

#17 ಮೂವತ್ತೊಂದು ಮಕ್ಕಳ ಟೀಚರ್

‘ಅಕ್ಷರ ಮುತ್ತು, ಅರ್ಥ ಇಲ್ಲ’ ಅನ್ನೋದು ಕಿವಿ ಕೇಳೋ ಮಕ್ಕಳಲ್ಲೂ ಎಷ್ಟಿದೆ ಗೊತ್ತಾ ಸರ್. ನಮ್ಮ ಕಾಪಿ ಬರೆಸೋ ಚಟ.

#18 ಒತ್ತಕ್ಷರ (ಮೈಸೂರು)

ವಾಕ್ ಚಿಕಿತ್ಸಕಿ ನಾನು, ಓದಿದ್ದು ಇಲ್ಲೇ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೂ ಹೇಳ್ತೀನಿ.

ಆಟಿಸಂ, ಕಿವುಡು ಆದ್ರೆ ಹೇಗೋ ಪತ್ತೆಯಾಗುತ್ತೆ. ಕಲಿಕಾ ನ್ಯೂನತೆ ಇರೋ ಮಕ್ಕಳು ‘ಸೋಮಾರಿ’ ಅನ್ನಿಸಿಕೊಂಡು ಹತ್ತನೇ ಕ್ಲಾಸಿಗೆ ಬರ್ತಾರೆ. ತಂದೆತಾಯಿ ಅಂತರ್ಜಾಲದಲ್ಲಿ ಹುಡುಕಿ ‘ನಮ್ಮ ಹುಡುಗ ಬಿ, ಡಿ ತಿರುಗಾ ಮುರುಗಾ ಬರೆಯಲ್ಲ, ಹಾಗಾಗಿ ಡಿಸ್ಲೆಕ್ಸಿಯಾ (ಓದು ಬರಹದ ಕಲಿಕಾ ನ್ಯೂನತೆ) ಅಲ್ಲ’ ಅಂತ ಬಂದು ಹೇಳ್ತಾರೆ. ಅದು ಇಂಗ್ಲಿಷ್ ಲಿಪಿಯ ಲಕ್ಷಣ. ಕನ್ನಡದಲ್ಲಿ ಎಡವೋ ಜಾಗ ಬೇರೆ. ಒತ್ತಕ್ಷರ ನುಂಗೋದು, ದೀರ್ಘ ಬಿಟ್ಟುಹೋಗೋದು, ಕೊಂಬು ಎಲ್ಲಿ ಹಾಕ್ಬೇಕು ಅನ್ನೋ ಗೊಂದಲ. ನನ್ನ ಹತ್ರ ಬಂದ ಹುಡುಗನೊಬ್ಬ ‘ಅಪ್ಪ’ ಅನ್ನೋದನ್ನ ‘ಅಪ’ ಅಂತ ಬರೀತಿದ್ದ. ತಪ್ಪು ತೋರಿಸಿದ್ರೆ ಒತ್ತನ್ನ ಕೆಳಗೆ ಹಾಕೋ ಬದಲು ಪಕ್ಕಕ್ಕೆ ‘ಅಪಪ’ ಅಂತ ಬರೆದ. ಕಿವಿಗೆ ಎರಡು ಪಕಾರ ಕೇಳಿಸಿದೆ, ನೋಡಿ. ಬುದ್ಧಿ ಇಲ್ಲದ ಮಗು ಮಾಡೋ ತಪ್ಪಲ್ಲ ಅದು.

ಪರೀಕ್ಷೆ ಮಾಡಿಸೋರಿಗೆ ಒಂದು ಮಾತು. ಮಗು ಮನೇಲಿ ಮಾತಾಡೋ ಭಾಷೆ, ಶಾಲೆಯಲ್ಲಿ ಓದೋ ಭಾಷೆ ಎರಡನ್ನೂ ಮೊದಲೇ ಹೇಳಿ. ಇಂಗ್ಲಿಷ್ ಮೀಡಿಯಂಗೆ ಸೇರಿ ಆರು ತಿಂಗಳಾದ ಮಗುವಿಗೆ ಇಂಗ್ಲಿಷಿನಲ್ಲೇ ಪರೀಕ್ಷೆ ಮಾಡಿ ‘ನ್ಯೂನತೆ’ ಅಂತ ಬರೆದಿದ್ದನ್ನೂ ನೋಡಿದ್ದೀನಿ.

#19 ಅಡಿಕೆ ತೋಟ

ಎಂಟು ವರ್ಷ ಆಗೋ ತನಕ ಕಲಿಕಾ ನ್ಯೂನತೆ ಸರ್ಟಿಫಿಕೇಟ್ ಕೊಡಲ್ಲ ಅಂದ್ರು ನಮಗೆ. ನಿಜವಾ?

#20 ಒತ್ತಕ್ಷರ

ಹೌದು, 2018ರ ಮಾರ್ಗಸೂಚಿಯಲ್ಲಿ ಹಾಗಿತ್ತು. ಎಂಟಕ್ಕೆ ಒಮ್ಮೆ, ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಮತ್ತೆ. ಅಲ್ಲಿವರೆಗೆ ಚಿಕಿತ್ಸೆ ಶುರು ಮಾಡಬಾರದು ಅಂತೇನಿಲ್ಲ. ಸರ್ಟಿಫಿಕೇಟಿಗೆ ಕಾಯ್ತಾ ಕೂರಬೇಡಿ.

#21 ಬಿಳಿಕೋಲು

ನನಗೆ ಕಣ್ಣು ಕಾಣುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ. ಸ್ಕ್ರೀನ್ ರೀಡರ್ (ಪರದೆಯ ಬರಹ ಓದಿ ಹೇಳುವ ತಂತ್ರಾಂಶ) ಹಾಕಿಕೊಂಡು ಈ ಚರ್ಚೆ ಪೂರ್ತಿ ಕೇಳಿದೆ, ಹುಬ್ಬಳ್ಳಿಯವರ ಬರಹವನ್ನು ಎರಡು ಸಲ. (ನಮ್ಮ ಯಂತ್ರದ ಹೆಂಗಸಿಗೆ ಧಾರವಾಡ ಕನ್ನಡ ಓದಲು ಬರುವುದಿಲ್ಲ. ಕೇಳಲು ಮಜಾ.)

ತಂದೆತಾಯಿಗಳು ಹೋರಾಡುವುದು ಸರಿ. ಆದರೆ ಶಾಲೆಯಲ್ಲಿ ನನಗೆ ಏನು ಬೇಕು ಎಂದು ಹನ್ನೆರಡು ವರ್ಷ ನನ್ನ ಅಪ್ಪನನ್ನು ಕೇಳಿದರು, ನನ್ನನ್ನು ಯಾರೂ ಕೇಳಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಬರೆಯಲು ಒಂಬತ್ತನೆಯ ತರಗತಿಯ ಹುಡುಗನನ್ನು ಕೊಟ್ಟರು. ಒಳ್ಳೆಯವನು, ಪಾಪ. ಸಮಾಜ ಪತ್ರಿಕೆಯಲ್ಲಿ ನಾನು ‘ಸ್ವಾತಂತ್ರ್ಯ’ ಎಂದರೆ ಅವನು ಪೆನ್ನು ನಿಲ್ಲಿಸಿ ಕೂರುತ್ತಿದ್ದ. ಸಕಾರಕ್ಕೆ ವಕಾರದ ಒತ್ತು, ದೀರ್ಘ, ತಕಾರ ಸೊನ್ನೆ, ತಕಾರಕ್ಕೆ ರಕಾರ, ಯಕಾರ... ನಾನು ಬ್ರೈಲ್‌ನಲ್ಲಿ ಕಲಿತವನು, ಕಣ್ಣಿರುವವರು ಒತ್ತನ್ನು ಎಲ್ಲಿ ಹಾಕುತ್ತಾರೆ ಎಂದು ನನಗೇನು ಗೊತ್ತು! ಇಬ್ಬರೂ ಸೇರಿ ಒಂದು ಪದಕ್ಕೆ ಎರಡು ನಿಮಿಷ ಕಳೆದೆವು. ಕೊನೆಗೆ ‘ಬಿಡುಗಡೆ’ ಎಂದು ಬರೆ ಎಂದೆ.

ಈಗ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ. ಬರೆಯುವಾಗ ಕೈ ಸೆಟೆದುಕೊಳ್ಳುವವರಿಗೂ ಬರೆಹಗಾರರನ್ನು ಕೊಡಬೇಕು, 40 ಪರ್ಸೆಂಟ್ ವೈಕಲ್ಯ ಇರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ, ವಿಕಾಸ್ ಕುಮಾರ್ ಪ್ರಕರಣದಲ್ಲಿ. ಹತ್ತನೆಯ ತರಗತಿಯ ತಂದೆತಾಯಿಗಳೇ, ಹಾಲ್ ಟಿಕೆಟ್ ಬಂದ ಮೇಲೆ ಓಡಾಡಬೇಡಿ. ಪರೀಕ್ಷೆಗೆ ಹೆಸರು ನೋಂದಾಯಿಸುವಾಗಲೇ ಮುಖ್ಯೋಪಾಧ್ಯಾಯರ ಮೂಲಕ ಕೇಳಿ. ಬರೆಯುವ ಹುಡುಗನ ಜೊತೆ ಮೊದಲೇ ನಾಲ್ಕು ದಿನ ಕೂತು ಅಭ್ಯಾಸ ಮಾಡಿಸಿ.

ಇನ್ನೊಂದು ಸಣ್ಣ ದೂರು. ಶಾಲೆಗಳು ಸುತ್ತೋಲೆ, ನೋಟ್ಸ್ ಎಲ್ಲವನ್ನೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿ ಕಳುಹಿಸುತ್ತವೆ. ನನ್ನ ಯಂತ್ರ ಅದನ್ನು ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಓದುತ್ತದೆ. ಯೂನಿಕೋಡ್‌ನಲ್ಲಿ ಕಳುಹಿಸಿ ಎಂದು ಹೇಳಲು ಯಾವ ಕಾಯ್ದೆಯೂ ಬೇಕಿಲ್ಲ.

#22 ಭಾರತಿ ತನಯ

ನಿಮ್ಮಂಥ ದಿವ್ಯಾಂಗರು ದೇವರ ಮಕ್ಕಳು ಸರ್. ನಿಮ್ಮ ಸಾಧನೆಗೆ ಕೋಟಿ ನಮನ 🙏🙏

#23 ಬಿಳಿಕೋಲು

ನಾನು ಚಿಕ್ಕಮಗಳೂರಿನ ಒಬ್ಬ ಪೋಸ್ಟ್‌ಮ್ಯಾನ್ ಮಗ. ನಮನ ಬೇಡ, ಯೂನಿಕೋಡ್ ಕಳುಹಿಸಿ.

#24 ಅಡಿಕೆ ತೋಟ

😂😂 ಇದನ್ನ ಸ್ಕ್ರೀನ್‌ಶಾಟ್ ತಗೊಂಡೆ

#25 ಎಡಿಸನ್ ಮಂಜು (ನ್ಯೂಜೆರ್ಸಿ)

ಇಲ್ಲಿ ಇದ್ದುಕೊಂಡು ಉಪದೇಶ ಮಾಡ್ತಿದ್ದೀನಿ ಅಂದ್ಕೋಬೇಡಿ, ಸಹಿ ವಿಷಯ ಬಂತಲ್ಲ, ಅದಕ್ಕೆ ಬರೀತಿದ್ದೀನಿ.

ಅಮೆರಿಕದಲ್ಲಿ 1975ರಿಂದಲೇ ಇದಕ್ಕೆ ಕಾನೂನಿದೆ. ವಿಶೇಷ ಶಿಕ್ಷಣ ಬೇಕಾದ ಪ್ರತಿ ಮಗುವಿಗೂ ಐಇಪಿ ಅಂತ ಅದರದ್ದೇ ಯೋಜನೆ ಬರೀತಾರೆ, ವರ್ಷಕ್ಕೊಮ್ಮೆಯಾದ್ರೂ ಕೂತು ನೋಡಲೇಬೇಕು. ಕೇಳೋಕೆ ಸ್ವರ್ಗ. ನಮ್ಮ ಮಗಳ ಮೊದಲ ಮೀಟಿಂಗಿಗೆ ಹೋದಾಗ ಮೇಜಿನ ಆ ಕಡೆ ಏಳು ಜನ, ಈ ಕಡೆ ನಾವಿಬ್ಬರು. ಬರೀ ಮೊದಲಕ್ಷರಗಳಲ್ಲೇ ಮಾತು. ನನ್ನ ಹೆಂಡತಿ ಸಂಕೋಚಕ್ಕೆ ತಲೆ ಆಡಿಸ್ತಾ ಕೂತಳು, ನಾನೂ. ಕೊನೆಗೆ ಸಹಿ ಮಾಡಿ ಅಂದ್ರು, ಮಾಡಿದ್ವಿ. ಪಕ್ಕದ ಮನೆ ಗುಜರಾತಿ ಹೆಂಗಸು ಆಮೇಲೆ ಹೇಳಿದ್ರು, ‘ಬಂದಿದ್ದೆ ಅನ್ನೋ ಹಾಜರಿ ಸಹಿ ಬೇರೆ, ಒಪ್ಪಿದೆ ಅನ್ನೋ ಸಹಿ ಬೇರೆ. ಎರಡನೇದನ್ನ ಮನೆಗೆ ತಗೊಂಡು ಹೋಗಿ ಓದಿ ಮಾಡಬಹುದು’ ಅಂತ. ಮುಂದಿನ ಸಲ ದುಭಾಷಿ ಬೇಕು ಅಂತ ಬರೆದುಕೊಟ್ವಿ. ನಮಗೆ ಇಂಗ್ಲಿಷ್ ಬರಲ್ಲ ಅಂತಲ್ಲ. ದುಭಾಷಿ ಇದ್ರೆ ಅವರು ನಿಧಾನಕ್ಕೆ ಮಾತಾಡ್ತಾರೆ!

ಶಾಲೆ ಏನನ್ನಾದ್ರೂ ಬದಲಾಯಿಸ್ತೀನಿ ಅಥವಾ ಕೊಡಲ್ಲ ಅಂದ್ರೆ ಕಾರಣ ಸಮೇತ ಮೊದಲೇ ಬರೆದು ಕೊಡಬೇಕು ಅನ್ನೋದು ಇಲ್ಲಿನ ನಿಯಮ. ಊರಲ್ಲಿ ಆ ನಿಯಮ ಇದೆಯೋ ಇಲ್ವೋ, ಕೇಳೋಕೇನು?

#26 ನಿಂಬೆಹುಳಿ

ನಮ್ಮಲ್ಲಿ ಕೇಳಿದ್ರೆ ‘ಮೇಡಂ ನಮ್ಮ ಮೇಲೆ ನಂಬಿಕೆ ಇಲ್ವಾ’ ಅಂತಾರೆ.

#27 ಕರಿಕೋಟು

ಅನ್ನಲಿ. ‘ನಂಬಿಕೆ ಇದೆ, ಮರೆವು ಜಾಸ್ತಿ’ ಅನ್ನಿ.

ಚಿಕ್ಕು ಅಮ್ಮ, ಒಂದು ಪತ್ರದ ಒಕ್ಕಣೆ ಹಾಕ್ತಿದ್ದೀನಿ. ನಿಮ್ಮ ಮಾತಿಗೆ ತಿದ್ದಿಕೊಳ್ಳಿ. ಕನ್ನಡದಲ್ಲೇ ಕೊಡಿ. ಇಂಗ್ಲಿಷ್ ಮೀಡಿಯಂ ಅಂತ ಹಿಂಜರಿಯಬೇಡಿ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಕಡತ ಓಡೋದು ಕನ್ನಡದಲ್ಲೇ.

‘ಮಾನ್ಯರೇ, ದಿನಾಂಕ ____ರಂದು ತಾವು ನನ್ನನ್ನು ಕರೆಸಿ, ನನ್ನ ಮಗನನ್ನು ಪ್ರತಿದಿನ ಮಧ್ಯಾಹ್ನ 12ಕ್ಕೆ ಮನೆಗೆ ಕರೆದೊಯ್ಯಬೇಕು, ಇಲ್ಲವೇ ನಮ್ಮ ಖರ್ಚಿನಲ್ಲಿ ಸಹಾಯಕ ಶಿಕ್ಷಕರನ್ನು ನೇಮಿಸಬೇಕು, ಇಲ್ಲವೇ ವರ್ಗಾವಣೆ ಪತ್ರ ಪಡೆಯಬೇಕೆಂದು ಮೌಖಿಕವಾಗಿ ತಿಳಿಸಿರುತ್ತೀರಿ. ನನ್ನ ಮಗನು ಇದೇ ಶಾಲೆಯಲ್ಲಿ ಪೂರ್ಣಾವಧಿ ಮುಂದುವರಿಯಬೇಕೆಂಬುದೇ ನಮ್ಮ ಇಚ್ಛೆ. ಗಂಟೆಯ ಶಬ್ದಕ್ಕೆ ಅವನು ಬೆದರುವುದರಿಂದ, ಕಳೆದ ಸಾಲಿನಂತೆ ಗಂಟೆಗೆ ಎರಡು ನಿಮಿಷ ಮುಂಚೆ ಅವನಿಗೆ ತಿಳಿಸುವ ಹಾಗೂ ಗಂಟೆಯಿಂದ ದೂರದ ಜಾಗದಲ್ಲಿ ಕೂರಿಸುವ ವ್ಯವಸ್ಥೆ ಮಾಡಬೇಕಾಗಿ ಕೋರುತ್ತೇನೆ. ಸಾಧ್ಯವಿಲ್ಲವಾದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ. ಪ್ರತಿ: ಕ್ಷೇತ್ರ ಶಿಕ್ಷಣಾಧಿಕಾರಿಗಳು.’

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದ್ರೆ ಸ್ಪೀಡ್ ಪೋಸ್ಟ್. ಬಿಇಓ ಕಚೇರಿಯಲ್ಲಿ ಟಪಾಲಿಗೆ ಕೊಟ್ಟು ನಂಬರ್ ಬರೆಸಿಕೊಳ್ಳಿ, ಹಿಂಬರಹ (ಲಿಖಿತ ಉತ್ತರ) ಕೇಳಿ. ಕಾಯ್ದೆ, ಸೆಕ್ಷನ್ನು, ದಂಡ ಯಾವುದನ್ನೂ ಮೊದಲ ಪತ್ರದಲ್ಲಿ ಬರೀಬೇಡಿ. ಅದು ಎರಡನೇ ಪತ್ರಕ್ಕೆ.

#28 ರಾಗಿಮುದ್ದೆ ಆರ್‌ಟಿಐ

ಯಾಕೆ ಬರೀಬಾರದು? ವಿಕಲಚೇತನರ ಹಕ್ಕುಗಳ ಕಾಯ್ದೆಯ 89ನೇ ಸೆಕ್ಷನ್ನು, ಮೊದಲ ತಪ್ಪಿಗೆ 10,000ದ ತನಕ ದಂಡ, ಆಮೇಲೆ 50,000ದಿಂದ 5 ಲಕ್ಷ. ಹೆದರಲಿ!

#29 ಕರಿಕೋಟು

ಹೆದರಿದವರು ಅವರ ವಕೀಲರನ್ನ ಕರೀತಾರೆ. ಆಮೇಲೆ ಪ್ರಿನ್ಸಿಪಾಲರ ಹತ್ರ ನೇರ ಮಾತು ಬಂದ್. ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇದೆ, ಸಿವಿಲ್ ಕೋರ್ಟಿನ ಥರ ನೋಟಿಸ್ ಕೊಟ್ಟು ಕರೆಸೋ ಅಧಿಕಾರ ಇದೆ, ಮಕ್ಕಳ ಹಕ್ಕುಗಳ ಆಯೋಗ ಇದೆ. ಎಲ್ಲಾ ಇಲ್ಲೇ ಇರತ್ತೆ, ಎಲ್ಲೂ ಓಡಿಹೋಗಲ್ಲ. ನಿಮ್ಮ ಆರ್‌ಟಿಐ ಬೇಕಾದ್ರೆ ಈಗಲೇ ಹಾಕಿ. ಹತ್ತು ರೂಪಾಯಿ, 150 ಪದದೊಳಗೆ. ನಮ್ಮ ತಾಲ್ಲೂಕಿಗೆ ಬಿಐಇಆರ್‌ಟಿ ಎಷ್ಟು ಜನ, ಹೋದ ವರ್ಷ ಯಾವ ಯಾವ ಶಾಲೆಗೆ ಹೋದ್ರು ಅಂತ ಕೇಳಿ.

#30 ರಾಗಿಮುದ್ದೆ ಆರ್‌ಟಿಐ

150 ಪದ ಸಾಲಲ್ಲ ನನಗೆ.

#31 ಅಡಿಕೆ ತೋಟ

ಅದು ಎಲ್ರಿಗೂ ಗೊತ್ತು ಅಣ್ಣಾ.

#32 ಸೇವಂತಿಗೆ

ಸಂಬಂಧ ಇಲ್ಲ, ಆದ್ರೂ: ಮನೆಯವರು ತೆರಿಗೆ ಕಟ್ತಿದ್ರೆ ವಿಕಲಚೇತನ ಅವಲಂಬಿತರ ಖರ್ಚಿಗೆ ಇರೋ ಕಡಿತ (1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ) ನೋಡಿ. 75,000, ವೈಕಲ್ಯ 80 ಪರ್ಸೆಂಟ್ ಅಥವಾ ಅದಕ್ಕೂ ಮೇಲಿದ್ರೆ 1,25,000 ಕಳೆಯಬಹುದು. ಹಳೇ ಪದ್ಧತಿಯಲ್ಲಿ ಮಾತ್ರ. ನಿರಾಮಯ ವಿಮೆಯೂ ಇದೆ ಆಟಿಸಂ ಮಕ್ಕಳಿಗೆ, ವರ್ಷಕ್ಕೆ ಒಂದು ಲಕ್ಷದ ತನಕ. ನಮಗೆ ಥೆರಪಿ ಬಿಲ್ಲಿಗೆ ಅದೇ ಆಸರೆ.

#33 ಚಿಕ್ಕು ಅಮ್ಮ, ಜೂನ್ 21

ತಡವಾಯ್ತು, ಕ್ಷಮಿಸಿ. ಎಲ್ಲಾ ಓದಿದೆ. ಹುಬ್ಬಳ್ಳಿ ಅಣ್ಣ ಬರೆದಿದ್ದನ್ನ ನಮ್ಮನೆಯವರಿಗೆ ಓದಿ ಹೇಳ್ದೆ. ಅವತ್ತು ರಾತ್ರಿ ಅವರೇ ಕೂತು ಪತ್ರ ಬರೆದ್ರು. ಅವರ ಅಕ್ಷರ ನನಗಿಂತ ಚೆನ್ನಾಗಿದೆ.

ಸ್ಕೂಲಲ್ಲಿ ಮೊದಲು ತಗೊಳ್ಳಲಿಲ್ಲ. ‘ಬಾಯಲ್ಲಿ ಮಾತಾಡಿ ಮುಗಿಸೋದಕ್ಕೆ ಪತ್ರ ಯಾಕೆ’ ಅಂದ್ರು. ನನಗೆ ಮರೆವು ಜಾಸ್ತಿ ಸರ್ ಅಂದೆ (ಕರಿಕೋಟು ಸರ್ ಥ್ಯಾಂಕ್ಸ್). ಪೋಸ್ಟಲ್ಲಿ ಕಳಿಸಿ ಬಿಇಓ ಆಫೀಸಿಗೆ ಹೋದ್ವಿ. ಅಲ್ಲಿದ್ದ ಕ್ಲರ್ಕು ‘ಪ್ರೈವೇಟ್ ಸ್ಕೂಲು ನಮಗೆ ಬರಲ್ಲ’ ಅಂದ್ರು. ಅವರ ಮಾನ್ಯತೆ ನವೀಕರಣ ಎಲ್ಲಿ ಆಗೋದು ಸರ್ ಅಂತ ನಮ್ಮನೆಯವರು ಮೆತ್ತಗೆ ಕೇಳಿದ್ರು. ಆಮೇಲೆ ಸೀಲ್ ಬಿತ್ತು.

ನಾಲ್ಕನೇ ದಿನಕ್ಕೆ ಪ್ರಿನ್ಸಿಪಾಲರೇ ಫೋನ್ ಮಾಡಿದ್ರು. ಟಿಸಿ ಮಾತು ಈಗ ಇಲ್ಲ. ಇವನ ಕ್ಲಾಸನ್ನ ಕಾರಿಡಾರಿನ ಆ ತುದಿಗೆ ಹಾಕಿದ್ದಾರೆ, ಬೆಲ್ಲಿನಿಂದ ನಾಲ್ಕು ಕೋಣೆ ದೂರ. ಹಳೇ ಮಿಸ್ಸು ಹೊಸ ಮಿಸ್ಸಿಗೆ ಮುಕ್ಕಾಲು ಗಂಟೆ ಫೋನಲ್ಲಿ ಹೇಳಿದ್ರಂತೆ. ಆದ್ರೆ ಪೂರ್ತಿ ದಿನಕ್ಕೆ ಇನ್ನೂ ಒಪ್ಪಿಲ್ಲ, ಒಂದೂವರೆಗೆ ಕಳಿಸ್ತಿದ್ದಾರೆ. ಶ್ಯಾಡೋ ಟೀಚರ್ ವಿಷಯಾನ ‘ಮುಂದೆ ನೋಡೋಣ’ ಅಂತ ಇಟ್ಟಿದ್ದಾರೆ. ಇದ್ಯಾವುದನ್ನೂ ಬರೆದು ಕೊಟ್ಟಿಲ್ಲ.

#34 ಕರಿಕೋಟು

ಹಾಗಾದ್ರೆ ನೀವು ಬರೆದು ಕೊಡಿ. ‘ದಿನಾಂಕ ಇಂಥದ್ದರಂದು ದೂರವಾಣಿಯಲ್ಲಿ ತಾವು ತಿಳಿಸಿದಂತೆ’ ಅಂತ ಶುರು ಮಾಡಿ, ಅವರು ಹೇಳಿದ್ದನ್ನೆಲ್ಲಾ ಬರೆದು, ಧನ್ಯವಾದ ಹೇಳಿ. ಒಂದೂವರೆ ಗಂಟೆ ಎಲ್ಲಿಯವರೆಗೆ ಅಂತ ಕೊನೆಗೊಂದು ಪ್ರಶ್ನೆ.

#35 ನೇರನುಡಿ 2.0

ತಳ್ಳಿಸಿಕೊಂಡ ಹುಡುಗ ಹೇಗಿದ್ದಾನೆ?

#36 ಚಿಕ್ಕು ಅಮ್ಮ

ಕೇಳಿದ್ದಕ್ಕೆ ಥ್ಯಾಂಕ್ಸ್, ನಿಜವಾಗ್ಲೂ. ಮಂಡಿ ಸ್ವಲ್ಪ ತರಚಿತ್ತು ಅಷ್ಟೆ. ಅವನ ಅಮ್ಮನ ಹತ್ರ ಹೋಗಿ ಮಾತಾಡಿದೆ, ಮೊದಲು ಮುಖ ಗಂಟಿಕ್ಕಿದ್ರು, ಆಮೇಲೆ ಕಾಫಿ ಕೊಟ್ರು. ಅವನು ಈಗ ಇವನ ಪಕ್ಕ ಕೂರಲ್ಲ. ಎರಡು ಬೆಂಚ್ ಹಿಂದಿನಿಂದ ‘ಬೆಲ್ಲು, ಬೆಲ್ಲು’ ಅಂತ ಕೂಗ್ತಾನಂತೆ. ಸಹಾಯಕ್ಕೋ ತಮಾಷೆಗೋ ನಮಗೆ ಗೊತ್ತಾಗ್ತಿಲ್ಲ.

#37 ಹೊಸ ಸದಸ್ಯ (ಹಾವೇರಿ)

ನಮಸ್ಕಾರ್ರಿ. ನಮ್ದೂ ಇದ ಕಥಿ, ಆದ್ರ ನಾನು ಆ ಹಾಳೀಗೆ ಸಹಿ ಹಾಕೇಬಿಟ್ಟೀನ್ರಿ, ನಿನ್ನೆ. ಟಿಸಿ ಇನ್ನೂ ಕೈಗೆ ಕೊಟ್ಟಿಲ್ಲ. ಏನರ ಮಾಡಾಕ ಬರತೈತೇನ್ರಿ?

#38 ಕರಿಕೋಟು

ಬರತ್ತೆ. ಟಿಸಿ ತಗೊಳ್ಳೋಕೆ ಹೋಗಬೇಡಿ. ಸಹಿ ಹಿಂಪಡೀತಿದ್ದೀನಿ ಅಂತ ಇವತ್ತೇ ನಾಲ್ಕು ಸಾಲು ಬರೆದು ಕಳಿಸಿ. ಮಗು ಎಷ್ಟನೇ ಕ್ಲಾಸು?